ಲೆಕ್ಕ ಒಪ್ಪಿಸಿ ಹೊರಡುವುದು

ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರ ಡಯಾಲಿಸಿಸ್ ವಿಭಾಗದ ನರ್ಸ್ ಕೆಲಸ ಬಿಡುತ್ತೇನೆಂದಾಗ ಹರಪನಹಳ್ಳಿಯ ನಮ್ಮ ಮನೆಯಲ್ಲಿ ಮೊದಲು ಮಾತಾಡಿದವರು ಮಾವನವರು. ದಿನಾ ಲಿಂಗಪೂಜೆ ಮಾಡುವವರು, ಕೊಟ್ಟೂರಿನ ತೇರಿಗೆ ನಡೆದೇ ಹೋಗುವವರು. "ಕೈಯಾಗಿನ ಕಾಯಕ ಬಿಟ್ಟು ಬರಬಾರದವ್ವ, ಅದೂ ರೋಗಿಗಳ ಸೇವೆ" ಎಂದರು. ಬೈದದ್ದಲ್ಲ, ನೊಂದು ಹೇಳಿದ್ದು. ಅದಕ್ಕೇ ಆ ಮಾತನ್ನು ತಳ್ಳಿಹಾಕಲು ನನಗಾಗಲಿಲ್ಲ.

ಅವರು ನೆನಪಿಸಿದ್ದು ನುಲಿಯ ಚಂದಯ್ಯನ ಕಥೆ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕಳಚಿ ನೀರಿಗೆ ಬಿದ್ದರೂ ಆ ಶರಣ ಹೊರೆ ಹೊತ್ತು ನಡೆದೇಬಿಟ್ಟನಂತೆ. ಹಗ್ಗ ಹೊಸೆದು ಮಾರಿ ಮಾಡುವ ದಾಸೋಹ ತಪ್ಪಬಾರದು. ಲಿಂಗಕ್ಕಿಂತ ಕಾಯಕ ದೊಡ್ಡದಾದರೆ ನನ್ನ ಬೆನ್ನುನೋವು, ನಿದ್ದೆಗೆಟ್ಟ ರಾತ್ರಿಗಳು ಯಾವ ಲೆಕ್ಕ? ಬಹಳ ದಿನ ಇದನ್ನೇ ಯೋಚಿಸಿದೆ. ಚಂದಯ್ಯ ಯಾವ ಧಣಿಯ ಆಳೂ ಆಗಿರಲಿಲ್ಲ. ಕಾಯಕ ಅವನ ಕೈಯಲ್ಲಿತ್ತು, ಅವನು ಹೋದಲ್ಲೆಲ್ಲ ಹೋಗುತ್ತಿತ್ತು. ನರ್ಸಿಂಗ್ ಪರಿಷತ್ತಿನ ನನ್ನ ನೋಂದಣಿಯೂ ನನ್ನ ಹೆಸರಿನಲ್ಲೇ ಇದೆ. ದೀಪ ಹಿಡಿದು ನಾವು ಹೇಳುವ ನೈಟಿಂಗೇಲ್ ಪ್ರತಿಜ್ಞೆ 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ರಚನೆಯಾದದ್ದು. ಅದರಲ್ಲಿ ವೈದ್ಯರಿಗೆ ನೆರವಾಗುವ ಮಾತಿದೆ, ರೋಗಿಯ ಒಳಿತಿಗೆ ಮುಡಿಪಾಗುವ ಮಾತಿದೆ. ಇದೇ ಕಟ್ಟಡದಲ್ಲಿ ಸವೆಯುತ್ತೇನೆಂಬ ಮಾತಿಲ್ಲ.

ಮಾವನವರಿಗೆ ನಾನು ಬಸವಣ್ಣನನ್ನೇ ಎದುರಿಟ್ಟೆ. ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದವನು ಕೊನೆಗೆ ಕಲ್ಯಾಣ ಬಿಟ್ಟು ಕೂಡಲಸಂಗಮಕ್ಕೆ ನಡೆದ. ಅದಕ್ಕೂ ಮುಂಚೆ, ಭಂಡಾರದ ಹಣ ಜಂಗಮರ ಪಾಲಾಯಿತೆಂಬ ದೂರು ಬಂದಾಗ ಎಣಿಸಿ ನೋಡಿದರೆ ಒಂದು ಹೊನ್ನೂ ಕಡಿಮೆ ಇರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಬಿಡುವವನಿಗೆ ಬೇಕಾದದ್ದು ಈ ಲೆಕ್ಕ ಎಂಬುದು ನನ್ನ ನಂಬಿಕೆ.

ಗೀತೆಯ ಹದಿನೆಂಟನೆಯ ಅಧ್ಯಾಯ ಮಾತ್ರ ಅಷ್ಟು ಸುಲಭಕ್ಕೆ ಬಿಡಲಿಲ್ಲ. ದೇಹಕ್ಕೆ ಕಷ್ಟವಾಗುತ್ತದೆಂಬ ಭಯಕ್ಕೆ ಕರ್ಮ ಬಿಡುವುದು ರಾಜಸ ತ್ಯಾಗ, ಅದಕ್ಕೆ ತ್ಯಾಗದ ಫಲವಿಲ್ಲ ಎನ್ನುತ್ತದೆ ಅದು. ನಾನು ಬಿಡುತ್ತಿದ್ದದ್ದು ದೇಹದ ಕಷ್ಟಕ್ಕೇ ಹೌದು. ಆದರೆ ದಣಿದ ಕೈ ಹೆಪಾರಿನ್ ಅಳೆಯುವಾಗ ಆ ದಣಿವು ನನ್ನೊಬ್ಬಳದೇ ಆಗಿ ಉಳಿಯುವುದಿಲ್ಲ. ಮಂಚಗಳು ಹೆಚ್ಚುತ್ತ, ಕೈಗಳು ಕಡಿಮೆಯಾಗುತ್ತ ಹೋದ ಕಡೆ ಹಟ ಹಿಡಿದು ನಿಂತರೆ ಅಪಾಯ ರೋಗಿಗೆ.

ಹಾಗೆಂದು ರೋಗಿಯ ಋಣ ತೀರಿತೆನ್ನಲಾರೆ. ಕೂಡ್ಲಿಗಿ ಕಡೆಯ ಅಜ್ಜನೊಬ್ಬ ವಾರಕ್ಕೆ ಎರಡು ಸಲ ಬರುತ್ತಿದ್ದ. ಒಂದೊಂದು ಸಲವೂ ನಾಲ್ಕು ತಾಸು ಯಂತ್ರದ ಪಕ್ಕ. ಎಡಗೈಯ ಫಿಸ್ಟುಲಾಕ್ಕೆ ಸೂಜಿ ಹಾಕಲು ನನ್ನನ್ನು ಬಿಟ್ಟು ಯಾರಿಗೂ ಕೈ ಕೊಡುತ್ತಿರಲಿಲ್ಲ. "ನೀ ಹೋದ್ರ ನನ್ನ ಕೈ ಯಾರು ನೋಡ್ತಾರವ್ವ?" ಎಂದ. ರಾಜೀನಾಮೆ ಕೊಟ್ಟ ಮೇಲೆ ಕೈಯಲ್ಲಿದ್ದ ನೋಟಿಸ್ ತಿಂಗಳನ್ನು ನಾನು ಕೊಟ್ಟದ್ದು ಈ ಪ್ರಶ್ನೆಗೇ. ಕಿರಿಯ ಸಿಸ್ಟರ್ ಒಬ್ಬಳ ಬೆರಳನ್ನು ಅಜ್ಜನ ಕೈಮೇಲಿಟ್ಟು ರಕ್ತದ ಝುಂ ಎನ್ನುವ ಕಂಪನ ಎಲ್ಲಿ ಸಿಗುತ್ತದೆಂದು ತೋರಿಸಿದೆ. ಚುಚ್ಚಿದಲ್ಲೇ ಚುಚ್ಚದೆ ಜಾಗ ಬದಲಿಸುವುದನ್ನು, ಆ ಕೈಗೆ ಬಿಪಿ ಪಟ್ಟಿ ಕಟ್ಟಬಾರದೆಂಬುದನ್ನು ಅಜ್ಜನ ಎದುರೇ ಹೇಳಿದೆ. ಯಾರಿಗೆ ಮೂರನೇ ತಾಸಿಗೆ ಬಿಪಿ ಇಳಿಯುತ್ತದೆ, ಯಾರು ಕದ್ದು ನೀರು ಕುಡಿದು ತೂಕ ಏರಿಸಿಕೊಂಡು ಬರುತ್ತಾರೆ, ಯಾರ ಮಗಳಿಗೆ ಫೋನ್ ಮಾಡಿದರೆ ಕೆಲಸವಾಗುತ್ತದೆ: ಕೇಸ್‌ಶೀಟಿನಲ್ಲಿ ಇರದ ಇವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಕೊನೆಯ ವಾರ ಅಜ್ಜ ತಾನಾಗಿ ಆ ಕಿರಿಯ ಸಿಸ್ಟರ್‌ಗೆ ಕೈ ಚಾಚಿದ.

ರಾಜೀನಾಮೆ ಪತ್ರ ಚಿಕ್ಕದು. ದಿನಾಂಕ, ನೇಮಕಾತಿ ಪತ್ರದಲ್ಲಿದ್ದ ನೋಟಿಸ್ ಅವಧಿ, ಕೊನೆಯ ಕೆಲಸದ ದಿನ, ವೈಯಕ್ತಿಕ ಕಾರಣ. ಈ "ವೈಯಕ್ತಿಕ ಕಾರಣ" ಸುಳ್ಳೇ? ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಸಿಬ್ಬಂದಿ ಕೊರತೆಯಿಂದ ರೋಗಿಗಾಗುವ ಅಪಾಯವನ್ನು ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಬೇರೆಯೇ ಪತ್ರದಲ್ಲಿ ಬರೆದುಕೊಟ್ಟು, ಎದುರು ಕೂತು ಹೇಳಿದೆ. ಹಾಗೆ ಹೇಳದೆ ಬಂದಿದ್ದರೆ ಮೌನ ಸುಳ್ಳಾಗುತ್ತಿತ್ತು. ಸ್ವೀಕೃತಿಯ ಸಹಿ ಹಾಕಿದ ಪ್ರತಿ, ರಿಲೀವಿಂಗ್ ಲೆಟರ್, ಅನುಭವ ಪ್ರಮಾಣಪತ್ರ, ಸೇರುವಾಗ ಕೊಟ್ಟ ಮೂಲ ಅಂಕಪಟ್ಟಿಗಳು ಇವನ್ನು ಕೇಳಿ ಪಡೆಯಲು ಸಂಕೋಚ ಬೇಡ.

ಸೇವೆಗೆ ಬೆಲೆ ಕಟ್ಟಬಾರದು ಎಂಬ ಮಾತೂ ಬಂತು. ಆಯ್ದಕ್ಕಿ ಲಕ್ಕಮ್ಮ ಗಂಡ ಹೆಚ್ಚಿಗೆ ತಂದ ಅಕ್ಕಿಯನ್ನು ಮರಳಿಸಲು ಕಳಿಸಿದಳು, ನಿಜ. ಆ ದಿನಕ್ಕೆ ಬೇಕಾದ ಅಕ್ಕಿಯನ್ನು ಬೇಡವೆನ್ನಲಿಲ್ಲವಲ್ಲ! 2016ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನದಂತೆ ಕೇಂದ್ರ ನೇಮಿಸಿದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಿತು. ನಮ್ಮ ಕಡೆ ಎಷ್ಟು ಹುಡುಗಿಯರು ಅದರ ಅರ್ಧಕ್ಕೆ ರಾತ್ರಿ ಪಾಳಿ ಮಾಡುತ್ತಿದ್ದಾರೆಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಹಡಗಲಿಯ ನರ್ಸ್ ಹುಡುಗಿಯೊಬ್ಬಳು ಈಚೆಗೆ ಫೋನ್ ಮಾಡಿದ್ದಳು. ತಾಲ್ಲೂಕು ಆಸ್ಪತ್ರೆಯಲ್ಲಿ ಗುತ್ತಿಗೆ ಕೆಲಸ ಸಿಕ್ಕಿದೆ, ಸೋಮವಾರವೇ ಸೇರಬೇಕು. ಈಗಿರುವ ಆಸ್ಪತ್ರೆಯಲ್ಲಿ ಸಂಬಳ ಬಾಕಿ ಉಳಿಸಿದ್ದಾರೆ. "ನಾಳೆಯಿಂದ ಹೋಗೋದೇ ಬ್ಯಾಡ ಅಂತ ಮಾಡೀನಿ ಅಕ್ಕಾ" ಎಂದಳು. ಸಂಬಳದ ಸಾಲ ಮಾಲೀಕನದು, ರಾತ್ರಿ ಪಾಳಿಯಲ್ಲಿ ಸಿಸ್ಟರ್ ಬರಲೆಂದು ಕಾಯುವವರದಲ್ಲ ಎಂದೆ. ಬಾಕಿಗೆ ಲಿಖಿತ ಅರ್ಜಿ ಕೊಡು, ಅಲ್ಲಿ ಆಗದಿದ್ದರೆ ಕಾರ್ಮಿಕ ಅಧಿಕಾರಿಗೆ ಕೊಡು, ಹೊಸ ಕಡೆ ಕೆಲವು ದಿನ ಗಡುವು ಕೇಳು ಎಂದೆ. ಕೇಳಿದಳು, ಹತ್ತು ದಿನ ಕೊಟ್ಟರು. ವಾರ್ಡಿನ ವಿವರವನ್ನೆಲ್ಲ ಒಪ್ಪಿಸಿ ಹೋದಳು. ಅವಳ ಸಂಬಳದ ಅರ್ಜಿ ಮಾತ್ರ ಇನ್ನೂ ಕಾರ್ಮಿಕ ಇಲಾಖೆಯ ಮೇಜಿನ ಮೇಲಿದೆ.