ಭ್ರೂಣ, ಜೀವ ಮತ್ತು ನಮ್ಮ ಹೊಣೆ

ಮನುಷ್ಯನ ಜೀವನವು ಯಾವ ಕ್ಷಣದಿಂದ ಆರಂಭವಾಗುತ್ತದೆ? ಒಂದು ಕಾಲದಲ್ಲಿ ಇದು ವಿದ್ವಾಂಸರ ಗೋಷ್ಠಿಗಳಿಗೆ ಮೀಸಲಾದ ಪ್ರಶ್ನೆಯಾಗಿತ್ತು. ಇಂದು ಅದು ನಮ್ಮ ಮನೆಗಳ ಹೊಸ್ತಿಲನ್ನೇ ದಾಟಿ ಬಂದಿದೆ. ಸಂತಾನಾಪೇಕ್ಷೆಯಿಂದ ಮುಂಬಯಿ, ಪುಣೆ, ಚೆನ್ನೈಗಳ ಚಿಕಿತ್ಸಾಲಯಗಳಿಗೆ ಹೋಗುವ ದಂಪತಿಗಳ ಮುಂದೆ ಒಪ್ಪಿಗೆಪತ್ರವನ್ನು ಇಡಲಾಗುತ್ತದೆ. ಗರ್ಭಾಶಯಕ್ಕೆ ಸೇರಿಸಿದ ಮೇಲೆ ಉಳಿಯುವ ಭ್ರೂಣಗಳನ್ನು ಶೈತ್ಯದಲ್ಲಿ ಕಾಪಿಡಬೇಕೇ, ನಶಿಸಲು ಬಿಡಬೇಕೇ, ಸಂಶೋಧನೆಗೆ ಕೊಡಬೇಕೇ ಎಂಬುದನ್ನು ಅವರು ನಿರ್ಧರಿಸಬೇಕು. ಊರಿನಲ್ಲಿದ್ದಿದ್ದರೆ ಹಿರಿಯರನ್ನು ಕೇಳಬಹುದಿತ್ತು. ಪರವೂರಿನಲ್ಲಿ ಇಬ್ಬರೇ ಕುಳಿತು, ಚಿಕಿತ್ಸೆಯ ಆತಂಕದ ನಡುವೆಯೇ ರುಜು ಹಾಕಬೇಕಾಗುತ್ತದೆ. ಆದ್ದರಿಂದ ಈ ವಿಷಯವನ್ನು ಆಸ್ತಿಕ ಬಂಧುಗಳೊಡನೆ ಶಾಂತವಾಗಿ ವಿಮರ್ಶಿಸುವುದು ಉಚಿತವೆಂದು ಭಾವಿಸಿದ್ದೇವೆ.

ದೇಹದ ಹೊರಗೆ ಫಲಿತವಾದ ಭ್ರೂಣದಿಂದ ಮೊದಲ ಶಿಶು ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಜನಿಸಿದ್ದು 1978ರ ಜುಲೈ 25ರಂದು. ಅದೇ ವರ್ಷ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಹೆಣ್ಣು ಶಿಶುವೊಂದು ಜನಿಸಿತು. 1986ರ ಆಗಸ್ಟ್ 6ರಂದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ಶ್ರಮ ಫಲಿಸಿತು. ಮಕ್ಕಳಿಲ್ಲದ ಎಷ್ಟೋ ಮನೆಗಳಲ್ಲಿ ಇಂದು ತೊಟ್ಟಿಲು ತೂಗುತ್ತಿರುವುದು ಈ ವಿದ್ಯೆಯಿಂದ. ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಒಂದು ಶಿಶುವಿಗಾಗಿ ಹಲವು ಭ್ರೂಣಗಳನ್ನು ಸಿದ್ಧಪಡಿಸುವುದು ರೂಢಿಯಾದಾಗ, ಉಳಿದವುಗಳ ಗತಿ ಏನೆಂಬ ಪ್ರಶ್ನೆಯೂ ಅದರೊಡನೆಯೇ ಹುಟ್ಟಿತು. 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಮತ್ತು ಸಂಗಡಿಗರು ಮಾನವ ಭ್ರೂಣದಿಂದ ಮೂಲಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಬೇರ್ಪಡಿಸಿ ಬೆಳೆಸಿದರು. ಶರೀರದ ಯಾವ ಭಾಗವಾಗಿಯಾದರೂ ಬೆಳೆಯಬಲ್ಲ ಈ ಕೋಶಗಳಿಂದ ಮಧುಮೇಹ, ಕಂಪವಾತ ಮೊದಲಾದ ರೋಗಗಳಿಗೆ ಪರಿಹಾರ ದೊರೆಯಬಹುದೆಂಬ ಆಸೆ ಮೂಡಿತು. ಆದರೆ ಅವುಗಳನ್ನು ತೆಗೆದಾಗ ಆ ಭ್ರೂಣವು ನಾಶವಾಯಿತು.

ಎಲ್ಲಿಯವರೆಗೆ ಇಂತಹ ಪ್ರಯೋಗ ಸಲ್ಲುತ್ತದೆ? ಬ್ರಿಟನ್ನಿನಲ್ಲಿ ಮೇರಿ ವಾರ್ನಾಕ್ ಎಂಬ ತತ್ತ್ವಶಾಸ್ತ್ರಜ್ಞೆಯ ಅಧ್ಯಕ್ಷತೆಯ ಸಮಿತಿಯು 1984ರ ವರದಿಯಲ್ಲಿ ಹದಿನಾಲ್ಕು ದಿನಗಳ ಮಿತಿಯನ್ನು ಸೂಚಿಸಿತು. 1990ರಲ್ಲಿ ಅದು ಅಲ್ಲಿ ಶಾಸನವಾಯಿತು. ಭಾರತದ 2017ರ ಮಾರ್ಗಸೂಚಿಯೂ ಇದೇ ಮಿತಿಯನ್ನು ಅನುಸರಿಸಿತು. ಸುಮಾರು ಹದಿನೈದನೆಯ ದಿನ ಭ್ರೂಣದಲ್ಲಿ ಒಂದು ರೇಖೆ ಕಾಣಿಸಿಕೊಂಡು ಶರೀರದ ತಲೆ-ಬುಡಗಳ ದಿಕ್ಕು ನಿಶ್ಚಯವಾಗುತ್ತದೆ. ಅದಕ್ಕೆ ಮುನ್ನ ಒಂದೇ ಭ್ರೂಣ ಒಡೆದು ಅವಳಿಗಳಾಗುವುದೂ ಸಾಧ್ಯ. ಇನ್ನೂ ಎರಡಾಗಬಲ್ಲ ವಸ್ತುವನ್ನು ಒಬ್ಬ ವ್ಯಕ್ತಿಯೆಂದು ಹೇಗೆ ಕರೆಯುವುದು ಎಂಬುದು ಅವರ ಯುಕ್ತಿ. ಯುಕ್ತಿ ಪುಷ್ಟವಾಗಿಯೇ ಇದೆ. ಆದರೆ ಗೆರೆ ಎಳೆದವರು ಅದನ್ನು ಅಳಿಸಲೂ ಬಲ್ಲರು. 2016ರಲ್ಲಿ ಪ್ರಯೋಗಶಾಲೆಗಳು ಭ್ರೂಣವನ್ನು ಹದಿಮೂರು ದಿನಗಳವರೆಗೆ ಬೆಳೆಸಿ ತೋರಿಸಿದವು. ಮೂಲಕೋಶ ಸಂಶೋಧಕರ ಅಂತರರಾಷ್ಟ್ರೀಯ ಸಂಘವು 2021ರಲ್ಲಿ ಆ ಮಿತಿಯನ್ನು ಸಡಿಲಿಸಿತು. ಎಟುಕದಿದ್ದಾಗ ಮಿತಿಯಾಗಿದ್ದುದು ಎಟುಕಿದೊಡನೆ ಅಡ್ಡಿಯಾಗಿ ಕಂಡಿತು.

ನಮ್ಮ ಸಿದ್ಧಾಂತದಲ್ಲಿ ಈ ಪ್ರಶ್ನೆಯ ಸ್ವರೂಪವೇ ಬೇರೆ. ಶ್ರೀಮದಾಚಾರ್ಯರು ತಿಳಿಸಿದಂತೆ ಜೀವನು ಅನಾದಿ, ನಿತ್ಯ, ಜಡದಿಂದ ಅತ್ಯಂತ ಭಿನ್ನ. ಆದಿಯೇ ಇಲ್ಲದವನಿಗೆ ಆರಂಭವೆಲ್ಲಿಯದು? ಜನನವೆಂದರೆ ದೇಹದೊಡನೆ ಸಂಬಂಧ ಮಾತ್ರ. ಆದ್ದರಿಂದ ಜೀವವು ಯಾವಾಗ ಉಂಟಾಗುತ್ತದೆ ಎಂದು ಕೇಳುವುದಕ್ಕಿಂತ, ಜೀವನು ಈ ದೇಹವನ್ನು ಯಾವಾಗ ಆಶ್ರಯಿಸುತ್ತಾನೆ ಎಂದು ಕೇಳುವುದೇ ಸರಿ.

ಇದಕ್ಕೆ ಭಾಗವತದ ತೃತೀಯ ಸ್ಕಂಧದಲ್ಲಿ ಕಪಿಲರೂಪಿ ಭಗವಂತನು ದೇವಹೂತಿಗೆ ಉತ್ತರಿಸಿದ್ದಾನೆ. ಕರ್ಮಾನುಸಾರವಾಗಿ, ದೈವಪ್ರೇರಣೆಯಿಂದ, ಜೀವನು ತಂದೆಯ ರೇತಸ್ಸನ್ನು ಆಶ್ರಯಿಸಿ ತಾಯಿಯ ಉದರವನ್ನು ಸೇರುತ್ತಾನೆ. ಒಂದು ರಾತ್ರಿಗೆ ಕಲಲ, ಐದು ರಾತ್ರಿಗಳಿಗೆ ಬುದ್ಬುದ ಎಂದು ಬೆಳವಣಿಗೆಯ ವರ್ಣನೆ ಆಮೇಲೆ ಬರುತ್ತದೆ. ಏಳನೆಯ ತಿಂಗಳಿನಲ್ಲಿ ಜೀವನಿಗೆ ಅರಿವು ಮೂಡುವುದೆಂಬ ಮಾತನ್ನು ಹಿಡಿದು, ಅಲ್ಲಿಯವರೆಗೆ ಜೀವನೇ ಇಲ್ಲವೆಂದು ವಾದಿಸುವವರಿದ್ದಾರೆ. ಅದು ಸರಿಯಲ್ಲ. ಮನೆಯೊಳಗಿರುವವನು ಎಚ್ಚರಗೊಳ್ಳುವುದು ಬೇರೆ, ಮನೆಯನ್ನು ಪ್ರವೇಶಿಸುವುದು ಬೇರೆ.

ಅವಳಿಗಳ ಯುಕ್ತಿಯೂ ಇಲ್ಲಿ ಬಾಧಕವಾಗದು. ದೇಹವು ಎರಡಾದರೆ ಜೀವನು ಎರಡಾದನೆಂದು ಅರ್ಥವಲ್ಲ. ಎರಡನೆಯ ದೇಹಕ್ಕೆ ಮತ್ತೊಬ್ಬ ಜೀವನು ಬಂದನೆಂದು ತಿಳಿಯಲು ಅಡ್ಡಿಯೇನಿದೆ?

ಆದರೂ ಒಂದು ತೊಡಕನ್ನು ಮುಚ್ಚಿಡಬಾರದು. ಶಾಸ್ತ್ರವು ಹೇಳಿರುವುದು ತಾಯಿಯ ಉದರದ ವಿಷಯವನ್ನು. ಗಾಜಿನ ತಟ್ಟೆಯ ವಿಷಯವನ್ನಲ್ಲ. ಚರಕಸಂಹಿತೆಯೂ ಶುಕ್ರ, ಶೋಣಿತ, ಜೀವ ಇವುಗಳ ಸಂಯೋಗವು ಕುಕ್ಷಿಯಲ್ಲಿ ಆದಾಗಲೇ ಅದಕ್ಕೆ ಗರ್ಭವೆಂಬ ಸಂಜ್ಞೆಯನ್ನು ಕೊಡುತ್ತದೆ. ಹಾಗಾದರೆ ಗರ್ಭಾಶಯವನ್ನು ಸೇರದ ಭ್ರೂಣದಲ್ಲಿ ಜೀವನಿದ್ದಾನೆಯೇ? ಅಲ್ಲಿಂದಲೇ ಮುಂದೆ ಶಿಶುವು ಬೆಳೆದು ಬರುವುದನ್ನು ಕಂಡಾಗ ಇಲ್ಲವೆನ್ನಲು ಧೈರ್ಯವಾಗದು. ಶೈತ್ಯದಲ್ಲಿ ವರ್ಷಗಟ್ಟಲೆ ಇರುವ ಪ್ರತಿಯೊಂದರಲ್ಲೂ ಇದ್ದೇ ಇದ್ದಾನೆಂದು ಆಣೆಯಿಟ್ಟು ಹೇಳಲೂ ನಮಗೆ ಆಧಾರವಿಲ್ಲ. ಉಳಿದದ್ದು ಸಂಶಯ.

ಸಂಶಯವಿದ್ದಲ್ಲಿ ಮನಬಂದಂತೆ ನಡೆಯಬಹುದೇ? ದಶರಥ ಮಹಾರಾಜನ ಕಥೆಯನ್ನು ನೆನೆಯೋಣ. ಕತ್ತಲೆಯಲ್ಲಿ ನೀರಿನ ಸದ್ದು ಕೇಳಿತು. ಆನೆಯಿರಬೇಕೆಂದು ಬಾಣ ಬಿಟ್ಟನು. ಬಿದ್ದವನು ಕುರುಡು ತಂದೆತಾಯಿಗಳ ಏಕೈಕ ಆಸರೆಯಾಗಿದ್ದ ಬಾಲಕ. ಕೊಲ್ಲುವ ಉದ್ದೇಶ ಅವನಿಗಿರಲಿಲ್ಲ. ಆದರೂ ಶಾಪ ತಪ್ಪಲಿಲ್ಲ. ಅಲ್ಲಿ ಇರುವವರು ಯಾರೆಂದು ತಿಳಿಯದಿದ್ದಾಗ ಬಾಣವನ್ನು ತಡೆಹಿಡಿಯುವುದೇ ಧರ್ಮ.

ಎದುರು ವಾದಗಳೂ ಹಗುರವಾದವಲ್ಲ. ಸಹಜವಾಗಿಯೇ ಎಷ್ಟೋ ಭ್ರೂಣಗಳು ನಿಲ್ಲದೆ ಹೋಗುತ್ತವಲ್ಲ ಎನ್ನುತ್ತಾರೆ. ನಿಜ, ಆದರೆ ಮನುಷ್ಯರೆಲ್ಲರೂ ಒಂದು ದಿನ ಸಾಯುವರೆಂಬುದು ಕೊಲ್ಲುವುದಕ್ಕೆ ಅನುಮತಿಯಾಗದು. ಹೇಗೂ ನಶಿಸುವ ಭ್ರೂಣವು ರೋಗಿಯೊಬ್ಬನಿಗೆ ಉಪಕಾರವಾಗಲಿ, ದಧೀಚಿಯು ತನ್ನ ಮೂಳೆಯನ್ನೇ ಕೊಡಲಿಲ್ಲವೇ ಎನ್ನುತ್ತಾರೆ. ಕಂಪವಾತದಿಂದ ನಡುಗುವ ತಂದೆಯನ್ನು ದಿನವೂ ನೋಡುವ ಮಗನ ಬಾಯಲ್ಲಿ ಈ ಮಾತು ಬಂದರೆ ನಾವು ತಲೆತಗ್ಗಿಸಿ ಕೇಳಬೇಕು. ಆದರೆ ದಧೀಚಿಯು ಕೊಟ್ಟದ್ದು ತನ್ನ ದೇಹವನ್ನು, ತಾನೇ ಒಪ್ಪಿ. ಇನ್ನೊಬ್ಬನ ದೇಹವನ್ನು ಕೊಟ್ಟು ದಾನಿಯೆನಿಸಿಕೊಳ್ಳುವುದು ಹೇಗೆ? ಬೇರೆ ದಾರಿಯೂ ಇಲ್ಲದಿಲ್ಲ. ಜಪಾನಿನ ಶಿನ್ಯಾ ಯಮನಾಕಾ ಅವರು 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಸಾಮಾನ್ಯ ಕೋಶಗಳನ್ನೇ ಮೂಲಕೋಶಗಳಂತೆ ಪರಿವರ್ತಿಸಿದರು. 2012ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ದೊರೆಯಿತು. ಎಲ್ಲ ಸಂಶೋಧನೆಗೂ ಇದು ಸಾಲದೆಂದು ತಜ್ಞರು ಹೇಳಬಹುದು. ಆದರೂ ಭ್ರೂಣವನ್ನು ಮುಟ್ಟದೆ ಸಾಗಬಹುದಾದಷ್ಟು ದೂರ ಅದರಲ್ಲಿಯೇ ಸಾಗಬೇಕಲ್ಲವೇ?

ಹಾಗಾದರೆ ನಮ್ಮ ದಂಪತಿಗಳು ಮಾಡಬೇಕಾದುದೇನು? ವಿಚಾರವು ಚಿಕಿತ್ಸೆಗೆ ಮುನ್ನವೇ ನಡೆಯಬೇಕು. ಎಷ್ಟು ಭ್ರೂಣಗಳನ್ನು ಸಿದ್ಧಪಡಿಸುತ್ತೀರಿ, ಕಡಮೆ ಮಾಡಲಾಗುವುದೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಬೇಕು. 2021ರ ಕಾಯಿದೆಯಂತೆ ಭ್ರೂಣವನ್ನು ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ಕಾಪಿಡುವಂತಿಲ್ಲ. ಆಮೇಲೆ ಅದನ್ನು ನಶಿಸಲು ಬಿಡಬೇಕು, ಇಲ್ಲವೇ ದಂಪತಿಗಳ ಒಪ್ಪಿಗೆಯಿದ್ದರೆ ನೋಂದಾಯಿತ ಸಂಸ್ಥೆಗೆ ಸಂಶೋಧನೆಗಾಗಿ ಕೊಡಬಹುದು. ಒಪ್ಪಿಗೆ ಕೇಳಿದ್ದಾರೆಂದರೆ ನಿರಾಕರಿಸುವ ಹಕ್ಕೂ ನಮಗಿದೆಯೆಂದೇ ಅರ್ಥ. ಉಳಿದ ಭ್ರೂಣದಿಂದ ಮತ್ತೊಂದು ಮಗುವನ್ನು ಪಡೆಯಲು ಆರೋಗ್ಯವೂ ಅನುಕೂಲವೂ ಇದ್ದವರು ಅದನ್ನು ಮೊದಲು ಯೋಚಿಸಲಿ. ಅದು ಆಗದವರು ಪ್ರಯೋಗಕ್ಕೆ ಒಪ್ಪಿಸದೆ, ಭಗವಂತನನ್ನು ಪ್ರಾರ್ಥಿಸಿ, ಸಹಜವಾಗಿ ನಶಿಸಲು ಬಿಡುವುದು ನಮಗೆ ಕಡಮೆ ದೋಷದ ದಾರಿಯಾಗಿ ತೋರುತ್ತದೆ. ಈಗಾಗಲೇ ಬೇರೆ ರೀತಿ ನಿರ್ಧರಿಸಿದವರನ್ನು ಪಾಪಿಗಳೆಂದು ನೋಯಿಸುವ ಅಧಿಕಾರ ಯಾರಿಗೂ ಇಲ್ಲ. ಬಹುಕಾಲ ನೊಂದ ಮನಸ್ಸುಗಳವು.

ಇನ್ನೊಂದು ಮಾತು. ತಟ್ಟೆಯಲ್ಲಿರುವ ಭ್ರೂಣದ ವಿಷಯದಲ್ಲಿ ಸಂಶಯಕ್ಕೆ ಎಡೆಯಿದೆ. ತಾಯಿಯ ಉದರದಲ್ಲಿ ಬೆಳೆಯುತ್ತಿರುವ ಹೆಣ್ಣು ಶಿಶುವಿನ ವಿಷಯದಲ್ಲಿ ಯಾವ ಸಂಶಯವೂ ಇಲ್ಲ. 1994ರ ಕಾನೂನು ಲಿಂಗಪತ್ತೆಯನ್ನು ನಿಷೇಧಿಸಬೇಕಾಗಿ ಬಂದದ್ದು ನಗರಗಳ ವಿದ್ಯಾವಂತ ಸಮಾಜಕ್ಕೂ ಲಜ್ಜೆಯ ಸಂಗತಿಯೇ. ಅಲ್ಲಿ ಮೌನವಾಗಿದ್ದು ಇಲ್ಲಿ ಮಾತ್ರ ಸೂಕ್ಷ್ಮಧರ್ಮವನ್ನು ವಾದಿಸಿದರೆ ಆ ವಾದಕ್ಕೆ ಬೆಲೆಯುಂಟೇ?

ದೇಹವು ನಾವು ನಿರ್ಮಿಸಿದ ವಸ್ತುವಲ್ಲ. ಫಲಿತವಾಗಲು ವೈದ್ಯರು ನೆರವಾಗಬಹುದು. ಅದರೊಳಗೆ ಬರುವವನನ್ನು ಕಳುಹಿಸುವವನು ಸರ್ವೋತ್ತಮನಾದ ಶ್ರೀಹರಿ. ಬಂದಿರಬಹುದಾದ ಅತಿಥಿಗೆ ಬಾಗಿಲು ಮುಚ್ಚುವ ಮುನ್ನ ಒಂದು ಕ್ಷಣ ನಿಂತು ಯೋಚಿಸುವ ವಿವೇಕವನ್ನು ಅವನೇ ನಮಗೆಲ್ಲ ಕರುಣಿಸಲಿ.

ಶ್ರೀಕೃಷ್ಣಾರ್ಪಣಮಸ್ತು.