ಆ ಹತ್ತು ನಿಮಿಷ ನಿಮ್ಮ ಮಗುವಿನದಲ್ಲ

ಅಮೆರಿಕದ ಶಾಲೆಗಳಲ್ಲಿ ವರ್ಷ ಶುರುವಾಗಿ ಎರಡು ಮೂರು ವಾರಕ್ಕೆ ‘ಬ್ಯಾಕ್ ಟು ಸ್ಕೂಲ್ ನೈಟ್’ ಬರುತ್ತದೆ. ಕ್ಯಾಲಿಫೋರ್ನಿಯಾದ ಬಹಳಷ್ಟು ಕಡೆ ಆಗಸ್ಟ್ ಕೊನೆಗೆ, ಸೆಪ್ಟೆಂಬರ್ ಆರಂಭದ ಲೇಬರ್ ಡೇ ಆಸುಪಾಸಿನಲ್ಲಿ ಬಾಗಿಲು ತೆರೆಯುವ ನ್ಯೂಜೆರ್ಸಿಯಲ್ಲಿ ಸೆಪ್ಟೆಂಬರಿಗೆ. ಬೆಂಗಳೂರು, ಮೈಸೂರಿನಿಂದ ಹೋಗಿ ನೆಲೆಸಿದವರಿಗೆ ಈ ಹೆಸರು ಕೇಳಿದೊಡನೆ ನೆನಪಾಗುವುದು ನಮ್ಮ ಪೇರೆಂಟ್ಸ್ ಮೀಟಿಂಗ್: ಸಾಲಿನಲ್ಲಿ ಕಾಯುವುದು, ಮಾರ್ಕ್ಸ್ ಕಾರ್ಡಿಗೆ ಸಹಿ, ‘ಮ್ಯಾಥ್ಸಲ್ಲಿ ಸ್ವಲ್ಪ ಗಮನ ಕೊಡ್ಬೇಕು’ ಎನ್ನುವ ಮಿಸ್, ಪಕ್ಕದಲ್ಲಿ ತಲೆತಗ್ಗಿಸಿ ನಿಂತ ಮಗು. ಅದನ್ನೇ ನಿರೀಕ್ಷಿಸಿ ಹೋದವರಿಗೆ ನಿರಾಸೆ ಖಾತ್ರಿ. ಅಲ್ಲಿ ಮಾರ್ಕ್ಸ್ ಮಾತಿಲ್ಲ, ಎಷ್ಟೋ ಶಾಲೆಗಳಲ್ಲಿ ಮಕ್ಕಳನ್ನು ಕರೆತರುವ ಹಾಗೂ ಇಲ್ಲ.

ಎಲಿಮೆಂಟರಿ ಶಾಲೆಯಾದರೆ ಪ್ರಿನ್ಸಿಪಾಲರ ನಾಲ್ಕು ಮಾತು ಕೇಳಿ, ಮಗುವಿನ ಕ್ಲಾಸಿಗೆ ಹೋಗಿ, ಅದು ದಿನಾ ಕೂರುವ ಕುರ್ಚಿಯಲ್ಲೇ ಕೂರಬೇಕು. ಮಂಡಿ ಮೇಜಿಗೆ ತಾಗುತ್ತದೆ. ಕೆಲವು ಕಡೆ ಮೇಜಿನ ಮೇಲೆ ಮಗು ಬರೆದಿಟ್ಟ ಚೀಟಿ, ಉತ್ತರಕ್ಕೆ ಪಕ್ಕದಲ್ಲೇ ಖಾಲಿ ಹಾಳೆ. ಮಿಡ್ಲ್ ಸ್ಕೂಲು, ಹೈಸ್ಕೂಲಿನಲ್ಲಿ ಮಗುವಿನ ಟೈಮ್‌ಟೇಬಲ್ ಹಿಡಿದು ಅಪ್ಪ ಅಮ್ಮನೇ ಪೀರಿಯಡ್‌ನಿಂದ ಪೀರಿಯಡ್‌ಗೆ ಓಡಬೇಕು. ಒಂದಕ್ಕೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು, ಬೆಲ್ ಆದರೆ ಮುಂದಿನ ಕೋಣೆ ಹುಡುಕಬೇಕು. ಅಷ್ಟರಲ್ಲಿ ಟೀಚರ್ ವರ್ಷದ ಪಾಠ, ಹೋಮ್‌ವರ್ಕಿನ ಕ್ರಮ, ತಡವಾಗಿ ಕೊಟ್ಟರೆ ಕಳೆಯುವ ಅಂಕ, ಗ್ರೇಡಿನಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂಬುದನ್ನೆಲ್ಲ ಹೇಳಿ ಮುಗಿಸುತ್ತಾರೆ. ಹೊರಬರುವಾಗ ಪೋಷಕ-ಶಿಕ್ಷಕರ ಸಂಘವಾದ ಪಿಟಿಎ ಸದಸ್ಯತ್ವದ ಮೇಜು. (ಆ ಸಂಘ 1897ರಲ್ಲಿ ವಾಷಿಂಗ್ಟನ್‌ನಲ್ಲಿ ಹುಟ್ಟಿದ್ದು ತಾಯಂದಿರ ಕಾಂಗ್ರೆಸ್ ಎಂಬ ಹೆಸರಿನಲ್ಲಿ. ಅಪ್ಪಂದಿರು ಮನೆಯಲ್ಲಿ ಉಳಿಯಲು ಅದು ಈಗ ನೆಪವಾಗಲಾರದು.)

ಇಲ್ಲಿ ಬೇಕಾದ ನಡತೆಯೆಂದರೆ ನಮ್ಮ ಮಗುವಿನ ವಿಷಯವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಕೇಳಿಸಿಕೊಳ್ಳುವುದು. ಹೇಳಿದಷ್ಟು ಸುಲಭವಲ್ಲ. ‘ನನ್ನ ಮಗ ಆಗ್ಲೇ ಮುಂದಿನ ಕ್ಲಾಸಿನ ಲೆಕ್ಕ ಮಾಡ್ತಾನೆ, ಬೋರ್ ಆಗಲ್ವಾ?’ ಎಂದು ಒಬ್ಬರು ಕೈಯೆತ್ತಿದರೆ ಎಲ್ಲರ ಹತ್ತು ನಿಮಿಷದಲ್ಲಿ ಮೂರು ಹೋಯಿತು. ಟೀಚರ್ ಬಾಯಿಯೂ ಕಟ್ಟಿರುತ್ತದೆ: 1974ರ ಫೆರ್ಪಾ ಕಾನೂನಿನ ಪ್ರಕಾರ ವಿದ್ಯಾರ್ಥಿಯ ದಾಖಲೆಯಲ್ಲಿರುವುದನ್ನು ಪೋಷಕರ ಒಪ್ಪಿಗೆಯಿಲ್ಲದೆ ಬೇರೆಯವರ ಮುಂದೆ ಬಿಚ್ಚಿಡುವಂತಿಲ್ಲ. ‘ನಾನು ಕೇಳದಿದ್ದರೆ ನನ್ನ ಮಗುವಿನ ಪರ ಯಾರು ಕೇಳುತ್ತಾರೆ?’ ಎಂಬ ಆತಂಕ ಸುಳ್ಳಲ್ಲ. ಅಲರ್ಜಿಯೋ ಕಲಿಕೆಯ ತೊಂದರೆಯೋ ಇದ್ದರೆ ಅದನ್ನು ಆ ರಾತ್ರಿಯವರೆಗೂ ಇಟ್ಟುಕೊಳ್ಳಲೇಬಾರದು, ಮೊದಲ ದಿನವೇ ಇಮೇಲ್ ಮಾಡಬೇಕು. ಉಳಿದದ್ದಕ್ಕೆ ಸಾಮಾನ್ಯವಾಗಿ ಅಕ್ಟೋಬರ್, ನವೆಂಬರಿನಲ್ಲಿ ಬರುವ, ಟೀಚರ್ ಜೊತೆ ನಮ್ಮ ಮಗುವಿನ ಬಗ್ಗೆಯೇ ಮಾತಾಡುವ ಕಾನ್ಫರೆನ್ಸ್ ಇದೆ. ಪಕ್ಕದ ಕುರ್ಚಿಯವರಿಗೂ ಉತ್ತರ ಬೇಕಿರುವ ಪ್ರಶ್ನೆಯಾದರೆ ಧಾರಾಳವಾಗಿ ಕೇಳಬಹುದು. ‘ಪಾಠ ಅರ್ಥವಾಗದಿದ್ದರೆ ಮಕ್ಕಳು ಯಾವ ಹೊತ್ತಿಗೆ ನಿಮ್ಮ ಹತ್ತಿರ ಬರಬಹುದು?’ ಎಂಬುದು ಅಂಥ ಪ್ರಶ್ನೆ.

ಹೋಗಿಬಂದರೆ ಅಂಕ ಏರುತ್ತದೆಯೇ? ಸಮಾಜಶಾಸ್ತ್ರಜ್ಞರಾದ ಕೀತ್ ರಾಬಿನ್ಸನ್ ಮತ್ತು ಏಂಜಲ್ ಹ್ಯಾರಿಸ್ 2014ರ ‘ದ ಬ್ರೋಕನ್ ಕಂಪಸ್’ ಪುಸ್ತಕದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡರು. ಪೋಷಕರು ಶಾಲೆಯ ವಿಷಯದಲ್ಲಿ ತೊಡಗಿಕೊಳ್ಳುವ ಹತ್ತಾರು ಬಗೆಗಳನ್ನು ತೂಗಿ ನೋಡಿದರೆ ಹೆಚ್ಚಿನವುಗಳಿಂದ ಅಂಕಕ್ಕೆ ಲಾಭ ಕಾಣಲಿಲ್ಲ. ಹೋಮ್‌ವರ್ಕಿಗೆ ಕೂತು ಸಹಾಯ ಮಾಡುವುದೂ ಫಲ ಕೊಡಲಿಲ್ಲ. ಲಾಭ ಕಂಡ ಕೆಲವೇ ಅಭ್ಯಾಸಗಳಲ್ಲಿ ಒಂದು, ಶಾಲೆಯಲ್ಲಿ ನಡೆಯುವುದರ ಬಗ್ಗೆ ಮಗುವಿನೊಡನೆ ಮಾತಾಡುವುದು. ಇದನ್ನು ಓದಿ ಸಭೆ ದಂಡ ಎಂದುಕೊಳ್ಳಬಹುದು. ನನಗೆ ತೋರುವುದು ಬೇರೆ. ‘ಇವತ್ತು ಸ್ಕೂಲಲ್ಲಿ ಏನಾಯ್ತು?’ ‘ಏನಿಲ್ಲ.’ ಊಟದ ಹೊತ್ತಿನ ಈ ಸಂಭಾಷಣೆ ಅಲ್ಲಿಗೇ ಮುಗಿಯುವುದು ಮಗುವಿನ ಮೊಂಡುತನದಿಂದಲ್ಲ. ಕೇಳುವವರಿಗೆ ಆ ಕೋಣೆಯೇ ಗೊತ್ತಿಲ್ಲ. ಕುರ್ಚಿಯಲ್ಲಿ ಕೂತು ಬಂದವರ ಪ್ರಶ್ನೆಗೆ ಹಿಡಿಕೆ ಇರುತ್ತದೆ: ‘ಕಿಟಕಿ ಹತ್ರ ಇರೋ ಆಮೆಗೆ ಇವತ್ತು ಯಾರು ತಿನ್ನಿಸಿದ್ರು?’ ‘ಲೇಟಾದ್ರೆ ದಿನಕ್ಕೆ ಹತ್ತು ಅಂಕ ಕಳೀತಾರಂತಲ್ಲ, ಸೈನ್ಸ್ ಪ್ರಾಜೆಕ್ಟ್ ಎಲ್ಲಿಗ್ ಬಂತು?’ ಆ ಸಂಜೆ ತಾನಾಗಿ ಅಂಕ ತರುವುದಿಲ್ಲ, ಮುಂದಿನ ಒಂಬತ್ತು ತಿಂಗಳ ಮಾತಿಗೆ ಸರಕು ಕೊಡುತ್ತದೆ.

ಎಲ್ಲವೂ ಶಾಲೆಯ ವೆಬ್‌ಸೈಟಿನಲ್ಲಿದೆಯಲ್ಲ ಎನ್ನುವವರಿಗೆ ಅರ್ಧ ಒಪ್ಪಿಗೆ. ನಿಯಮ ಅಲ್ಲಿರುತ್ತದೆ, ಅದನ್ನು ಹೇಳುವಾಗ ಟೀಚರ್ ದನಿ ಬಿಗಿಯಾಯಿತೋ, ನಕ್ಕು ಒಂದು ದಿನ ಹೆಚ್ಚು ಕೊಡುವವರೋ ಎಂಬುದು ಇರುವುದಿಲ್ಲ. ರಾತ್ರಿ ಪಾಳಿಯ ನರ್ಸ್, ಕೈಗೂಸನ್ನು ಬಿಟ್ಟುಹೋಗಲು ಯಾರೂ ಇಲ್ಲದ ತಾಯಿ ಎತ್ತುವ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಅವರು ಬಾರದಿರುವುದನ್ನು ಉದಾಸೀನ ಎಂದು ಓದುವ ಶಾಲೆ ತಪ್ಪು ಓದುತ್ತಿದೆ. ಅಂಥವರು ಟೀಚರಿಗೆ ಮುಂಚೆಯೇ ಎರಡು ಸಾಲು ಬರೆದು, ಹಂಚಿದ ಹಾಳೆಗಳನ್ನೂ ಮಗು ಬರೆದಿಟ್ಟ ಚೀಟಿಯನ್ನೂ ಕಳಿಸಲು ಕೇಳಬಹುದು. ಮೇಜಿನ ಚೀಟಿಗೆ ಉತ್ತರವನ್ನು ಬೆಳಿಗ್ಗೆ ಮಗುವಿನ ಬ್ಯಾಗಿನಲ್ಲಿಡಬಹುದು. ಕನ್ನಡದಲ್ಲೇ ಬರೆದರೂ ನಡೆಯುತ್ತದೆ. ಮಗುವಿಗೆ ಓದಲು ಬಾರದಿದ್ದರೆ ಸಂಜೆ ಜೊತೆಗೆ ಕೂತು ಓದಿದರಾಯಿತು.