ಅರಿಯದ ಆಟಕ್ಕೆ ಇಳಿಯುವದು ಯೋಗ್ಯವೋ?



ಗಂಗಾವತಿ ಸೀಮೆಯ ಹೇಮಗುಡ್ಡದಲ್ಲಿಯೂ ಕುಮ್ಮಟದುರ್ಗದ ಸುತ್ತಣ ಹಳ್ಳಿಗಳಲ್ಲಿಯೂ ಗಂಡುಗಲಿ ಕುಮಾರರಾಮನ ಕಥೆಯನ್ನು ಕೇಳದವರು ವಿರಳ. ಅವನು ಚೆಂಡಾಡುತ್ತಿರುವಾಗ ಚೆಂಡು ಮಲತಾಯಿಯಾದ ರತ್ನಾಜಿಯ ಅರಮನೆಯಲ್ಲಿ ಬಿತ್ತೆಂದೂ, ಅದನ್ನು ತರಲು ಹೋದದ್ದರಿಂದ ಅವನ ಮೇಲೆ ಸುಳ್ಳು ದೂರು ಹುಟ್ಟಿತೆಂದೂ ಹೇಳುವರು. ಇದನ್ನು ವಿಚಾರಿಸಿ ನೋಡಿರಿ. ಕೇಡನ್ನು ತಂದದ್ದು ದಾರಿತಪ್ಪಿದ ಚೆಂಡಲ್ಲ. ಅದು ಬಿದ್ದ ಮೇಲೆ ಮನುಷ್ಯರು ನಡೆದುಕೊಂಡ ರೀತಿಯೇ ಕೇಡನ್ನು ತಂದಿತು.

ಇಂದು ಹಳ್ಳಿಯ ಬಯಲಿನಲ್ಲಿ ಸಾಯಂಕಾಲ ವಾಲಿಬಾಲಿನ ಬಲೆ ಕಟ್ಟುವರು, ಇಲ್ಲವೆ ಕಬಡ್ಡಿಯ ಗೆರೆ ಎಳೆಯುವರು. ಅಂಚಿನಲ್ಲಿ ನಿಂತವನೊಬ್ಬನನ್ನು, "ಬಾರಪ್ಪಾ, ನೀನೂ ಆಡು" ಎಂದು ಕರೆದರೆ, "ನನಗೆ ಬರುವದಿಲ್ಲ" ಎಂದು ಹಿಂದಕ್ಕೆ ಸರಿಯುವನು. ಇದು ಯಾವಾಗಲೂ ಸೋಮಾರಿತನವಲ್ಲ. ಒಬ್ಬಂಟಿಯಾಗಿ ಓಡುವವನು ಸೋತರೆ ನಷ್ಟವು ಅವನೊಬ್ಬನದೇ. ಗುಂಪಿನ ಆಟದಲ್ಲಾದರೋ ಒಬ್ಬನ ಕೈ ತಪ್ಪಿದರೆ ಸೋಲು ಎಲ್ಲರ ಪಾಲಿಗೆ ಬರುವದು. ಹೀಗಿರಲಾಗಿ, ತಾನು ಕಲಿಯುವದಕ್ಕೋಸ್ಕರ ಜೊತೆಯವರ ಮೇಲೆ ಹೊರೆ ಹಾಕುವದು ನ್ಯಾಯವೋ ಎಂಬ ಪ್ರಶ್ನೆಯು ಹಗುರವಾದದ್ದಲ್ಲ.

ಇದಕ್ಕೆ ಉತ್ತರವು ಆಟಗಳ ನಿಯಮಗಳಲ್ಲಿಯೇ ಅಡಗಿದೆ. ಮೊದಲು ವಾಲಿಬಾಲನ್ನು ನೋಡಿರಿ. 1895ರಲ್ಲಿ ಅಮೇರಿಕೆಯ ಹೋಲಿಯೋಕ್ ಎಂಬ ಊರಿನಲ್ಲಿ, ಕ್ರೈಸ್ತ ಯುವಜನ ಸಂಘದ ವ್ಯಾಯಾಮ ಶಿಕ್ಷಕನಾದ ವಿಲಿಯಂ ಮಾರ್ಗನ್ ಎಂಬಾತನು ಇದನ್ನು ಕಲ್ಪಿಸಿದನು. ನಾಲ್ಕು ವರುಷ ಮುಂಚೆ, 1891ರಲ್ಲಿ, ಅದೇ ಸಂಘದ ಜೇಮ್ಸ್ ನೇಸ್ಮಿತ್ ಎಂಬಾತನು ಬಾಸ್ಕೆಟ್‌ಬಾಲ್ ಆಟವನ್ನು ಹುಟ್ಟಿಸಿದ್ದನು. ಆದರೆ ಮಾರ್ಗನನ ಬಳಿಗೆ ಬರುತ್ತಿದ್ದ ನಡುವಯಸ್ಸಿನ ವ್ಯಾಪಾರಸ್ಥರಿಗೆ ಅದರ ಓಟವೂ ನೂಕಾಟವೂ ಹೆಚ್ಚಾದವು. ಆಗ ಅವನು, ಇವರು ಆಟಕ್ಕೆ ತಕ್ಕವರಲ್ಲವೆಂದು ಹೇಳದೆ, ಇವರಿಗೆ ತಕ್ಕ ಆಟವನ್ನೇ ಮಾಡಿದನು. ಇಂದು ಲೋಕದ ಬಲಿಷ್ಠರು ಆಡುವ ಆಟವು ದಣಿದವರನ್ನೂ ಸೇರಿಸಿಕೊಳ್ಳಬೇಕೆಂಬ ಮನಸ್ಸಿನಿಂದ ಹುಟ್ಟಿತು!

ಅದರ ನಿಯಮವೂ ಹಾಗೆಯೇ ಇದೆ. ಒಂದು ಪಕ್ಷದವರು ಮೂರು ಏಟುಗಳೊಳಗೆ ಚೆಂಡನ್ನು ಬಲೆಯಾಚೆಗೆ ದಾಟಿಸಬೇಕು. ಆದರೆ ಹೊಡೆದವನೇ ಕೂಡಲೆ ಮತ್ತೊಮ್ಮೆ ಹೊಡೆಯಬಾರದು. ಆದದರಿಂದ ಎಷ್ಟೇ ನಿಪುಣನಾದವನೂ ಒಬ್ಬನೇ ಆಡಲಾರನು, ಮತ್ತು ಹೊಸಬನು ಅಡ್ಡಾದಿಡ್ಡಿ ಹೊಡೆದ ಚೆಂಡನ್ನು ಎರಡನೆಯವನು ಓಡಿಹೋಗಿ ಸರಿಪಡಿಸಬಹುದು.

ನಮ್ಮ ನಾಡಿನ ಕಬಡ್ಡಿಯಲ್ಲಿ ಇದು ಇನ್ನೂ ಸ್ಪಷ್ಟವಾಗಿದೆ. ಪಕ್ಷಕ್ಕೆ ಏಳು ಮಂದಿ. ಸಿಕ್ಕಿಬಿದ್ದವನು ಹೊರಗೆ ಕೂಡ್ರಬೇಕು. ತನ್ನ ಬಲದಿಂದ ತಿರಿಗಿ ಬರಲಾರನು. ಜೊತೆಯವನೊಬ್ಬನು ಎದುರಾಳಿಯನ್ನು ಹೊರಗೆ ಹಾಕಿದಾಗ ಇವನು ಒಳಗೆ ಬರುವನು. ಒಬ್ಬನು ಬಿದ್ದಾನೆಂಬದನ್ನು ಆಟವು ಮುಂಚೆಯೇ ಬಲ್ಲದು. ಬಿದ್ದವನನ್ನು ಇನ್ನೊಬ್ಬನ ಶ್ರಮವು ಎಬ್ಬಿಸಬೇಕೆಂದೂ ಗೊತ್ತುಮಾಡಿದೆ. ಹೀಗಿರುವಲ್ಲಿ, ತಾನು ಬೀಳಬಾರದೆಂದು ಅಂಚಿನಲ್ಲಿಯೇ ನಿಲ್ಲುವವನು ಆಟದ ಅರ್ಥವನ್ನೇ ತಿಳಿದುಕೊಂಡಿಲ್ಲ.

ಹಾಗಾದರೆ ಹೊಸಬನಿಗೆ ಕರ್ತವ್ಯವೇ ಇಲ್ಲವೋ? ಉಂಟು. ಪಂದ್ಯದ ದಿನವೇ ಮುಂದೆ ಬಂದು ಸ್ಥಳ ಕೇಳುವದು ಯೋಗ್ಯವಲ್ಲ. ಅಭ್ಯಾಸದ ದಿನಗಳಲ್ಲಿ ತಪ್ಪದೆ ಬರಬೇಕು. ತನಗಿಂತ ಕಿರಿಯನು ತಿದ್ದಿದರೆ ಸಹಿಸಬೇಕು. ಇದೇ ಅತಿ ಕಷ್ಟ. ಯಾಕಂದರೆ ಮನೆಯಲ್ಲಿ ಯಜಮಾನನೂ ಹೊಲದಲ್ಲಿ ಜಾಣನೂ ಆದವನು ಇಲ್ಲಿ ಹುಡುಗನಿಂದ ಕಲಿಯಬೇಕಾಗುವದು. ಬಲ್ಲವರ ಕರ್ತವ್ಯವಾದರೋ, ನಗದೆ ಇರುವದು. ಮೊದಲನೆಯ ಸಂಜೆಯ ಒಂದು ಗೇಲಿಯು ಒಬ್ಬನನ್ನು ಆಯುಷ್ಯವಿಡೀ ಅಂಚಿನಲ್ಲಿ ನಿಲ್ಲಿಸೀತು.

ಈ ಗೇಲಿಯ ಭಾರವು ಹೆಣ್ಣುಮಕ್ಕಳ ಮೇಲೆ ಹೆಚ್ಚಾಗಿ ಬೀಳುತ್ತದೆ. ಏಷ್ಯಾದ ಕ್ರೀಡಾಕೂಟದಲ್ಲಿ ಪುರುಷರ ಕಬಡ್ಡಿಯು 1990ರಲ್ಲಿ ಬೀಜಿಂಗಿನಲ್ಲಿ ಸೇರಿತು. ಸ್ತ್ರೀಯರ ಕಬಡ್ಡಿಗೆ ಇಪ್ಪತ್ತು ವರುಷ ಕಾದು, 2010ರಲ್ಲಿ ಗುವಾಂಗ್‌ಜೌ ಪಟ್ಟಣದಲ್ಲಿ ಸ್ಥಳ ಸಿಕ್ಕಿತು. ಆ ಮೊದಲನೆಯ ಸಾರಿಯೇ ಭಾರತದ ಸ್ತ್ರೀಯರು ಚಿನ್ನದ ಪದಕವನ್ನು ಗೆದ್ದರು. ಅವರಲ್ಲಿ ಕರ್ನಾಟಕದ ತೇಜಸ್ವಿನಿ ಬಾಯಿಯವರೂ, ಕಾರ್ಕಳ ತಾಲೂಕಿನ ಒಕ್ಕಲುಮನೆಯಲ್ಲಿ ಹುಟ್ಟಿದ ಮಮತಾ ಪೂಜಾರಿಯವರೂ ಇದ್ದರು. "ಹೆಣ್ಣಿಗೆ ಇದೇತಕ್ಕೆ?" ಎಂದು ಕೇಳುವ ಹಿರಿಯರು ಇದನ್ನು ನೆನಸಲಿ. ಪದಕವು ಎಲ್ಲರಿಗೂ ಸಿಕ್ಕದು. ಆದರೆ ಬಯಲಿಗೆ ಇಳಿಯುವ ಸ್ಥಳವು ಎಲ್ಲರಿಗೂ ಸಿಕ್ಕತಕ್ಕದ್ದು.

ಇನ್ನೊಂದು ಮಾತು. ನಮ್ಮ ಹಳ್ಳಿಗಳಲ್ಲಿ ಬೇರೆ ಬೇರೆ ಕೇರಿಗಳವರು ಒಂದೇ ಬಾವಿಯ ನೀರಿಗೂ ಜಗಳವಾಡಿದ್ದುಂಟು. ಕಬಡ್ಡಿಯಲ್ಲಿ ಮುಟ್ಟದೆ ಆಡುವ ಉಪಾಯವಿಲ್ಲ. ಸರಪಳಿಯಂತೆ ಕೈಕೈ ಹಿಡಿಯಬೇಕು, ಮೈಗೆ ಮೈ ಹತ್ತಬೇಕು. ಹೊಸ ಆಟಕ್ಕೆ ಇಳಿಯುವವನು ಬರೀ ಹೊಸ ನಿಯಮವನ್ನು ಕಲಿಯುವದಿಲ್ಲ; ಇದುವರೆಗೆ ದೂರದಿಂದ ಕಂಡವನ ಕೈಯನ್ನು ಹಿಡಿಯಲು ಕಲಿಯುತ್ತಾನೆ. ಆ ಕೈಯು ಸಂಜೆಯ ಆಟ ಮುಗಿದ ಮೇಲೆ ಬೀದಿಯಲ್ಲಿ ಬಿಟ್ಟುಹೋಗದಿದ್ದರೆ ಊರಿಗೆ ಲಾಭ.

ಆದದರಿಂದ, "ನನಗೆ ಬರುವದಿಲ್ಲ" ಎಂಬವನೇ, ಅದು ನಿಜ. ಆದರೆ ಅಷ್ಟಕ್ಕೆ ನಿಲ್ಲಿಸಬೇಡ. "ಕಲಿಸಿರಿ" ಎಂಬ ಇನ್ನೊಂದು ಮಾತನ್ನು ಅದಕ್ಕೆ ಸೇರಿಸು. ಬಲ್ಲವರೇ, ಆ ಮಾತನ್ನು ಕೇಳಿದಾಗ ಸ್ವಲ್ಪ ಸರಿದು ಸ್ಥಳ ಕೊಡಿರಿ.